ಚಪ್ಪಲಿ ಕಾಯುವವಳೂ ಆಡಲಿ

ಪ್ರಶ್ನೆ

ನಾನು ಹರವೆ ಹೋಬಳಿಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮಲ್ಲಿ ಇಬ್ಬರೇ ಶಿಕ್ಷಕರು. ಪಿ.ಟಿ. ಮೇಷ್ಟ್ರು ಇಲ್ಲ. ಮುಖ್ಯ ಶಿಕ್ಷಕರಿಗೆ ಮಂಡಿನೋವು. ಹಾಗಾಗಿ ಆಟದ ಪೀರಿಯಡ್ಡು, ಶನಿವಾರದ ಕವಾಯತು ಎರಡೂ ನನ್ನ ಕೊರಳಿಗೇ ಬಿದ್ದಿವೆ. ನಾನೇ ಓದುವಾಗ ಆಟಕ್ಕೆ ಇಳಿದವಳಲ್ಲ, ಪುಸ್ತಕ ಹಿಡಿದು ಮೂಲೆ ಸೇರುತ್ತಿದ್ದೆ.

ಮೂರರಿಂದ ಐದನೇ ತರಗತಿವರೆಗೆ 24 ಮಕ್ಕಳಿದ್ದಾರೆ. ಬಯಲಿಗೆ ಬಿಟ್ಟರೆ ಹತ್ತು ಹನ್ನೆರಡು ಮಕ್ಕಳು, ಅದರಲ್ಲೂ ಹುಡುಗರು, ಇರುವ ಒಂದು ಚೆಂಡನ್ನು ಹಿಡಿದು ಇಡೀ ಬಯಲನ್ನು ಆಳುತ್ತಾರೆ. ಉಳಿದವರು ಬೇವಿನ ಮರದ ಕೆಳಗೆ. ಒಬ್ಬ ದಪ್ಪಗಿದ್ದಾನೆ, ತಂಡ ಮಾಡುವಾಗ ‘ಅವ್ನು ಬ್ಯಾಡ ಕನ್ಲಾ’ ಅನ್ನುತ್ತಾರೆ. ಒಬ್ಬಳು ಚೆಂಡು ಬಂದರೆ ಮುಖ ಮುಚ್ಚಿಕೊಳ್ಳುತ್ತಾಳೆ. ನಾಲ್ಕನೇ ತರಗತಿಯ ಒಬ್ಬಳಿಗೆ ಹುಟ್ಟಿನಿಂದ ಎಡಪಾದ ಒಳಕ್ಕೆ ತಿರುಗಿದೆ. ಬಿದ್ದುಗಿದ್ದು ಏನಾದರೂ ಆದೀತು ಎಂದು ಅವಳಿಗೆ ಎಲ್ಲರ ಚಪ್ಪಲಿ, ನೀರಿನ ಬಾಟಲಿ ಕಾಯುವ ಕೆಲಸ ಕೊಟ್ಟಿದ್ದೆ. ಮೊನ್ನೆ ಅವಳ ತಾಯಿ ಬಂದು ಎಲ್ಲರೆದುರೇ ಕೇಳಿದರು: ‘ನನ್ ಮಗಳ್ನ ಚಪ್ಲಿ ಕಾಯಕ ಇಸ್ಕೂಲ್ಗ ಕಳಿಸ್ತಿದ್ದೀನಾ ಮಿಸ್ಸು?’

ಆ ಮಾತು ಎದೆಯಿಂದ ಹೋಗುತ್ತಿಲ್ಲ. ಇತ್ತ ಮುಖ್ಯ ಶಿಕ್ಷಕರಿಗೆ ಕ್ಲಸ್ಟರ್ ಕ್ರೀಡಾಕೂಟದಲ್ಲಿ ಒಂದಾದರೂ ಕಪ್ ಬರಬೇಕೆಂಬ ಆಸೆ. ಎಲ್ಲರನ್ನೂ ಆಡಿಸುತ್ತಾ ಕೂತರೆ ಕಪ್ ಬಂದ ಹಾಗೇ ಎನ್ನುತ್ತಾರೆ. ನಾನೇನು ಮಾಡಲಿ?

— ಹೆಸರು ಬೇಡ, ಹರವೆ ಹೋಬಳಿ

ಉತ್ತರ

ಮೊದಲು ಆ ತಾಯಿಯ ಮಾತನ್ನೇ ತೆಗೆದುಕೊಳ್ಳೋಣ. ಅವರು ಜಗಳಕ್ಕೆ ಬಂದವರಲ್ಲ, ಮಗಳ ಪಾಲು ಕೇಳಲು ಬಂದವರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಅನ್ನು ಅವರು ಓದಿರಲಾರರು. ಆದರೆ ಅವರು ಕೇಳಿದ್ದು ಅಲ್ಲಿ ಬರೆದಿರುವುದನ್ನೇ: ಶಾಲೆ ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಪಾಠದಲ್ಲಷ್ಟೇ ಅಲ್ಲ, ಆಟ ಮತ್ತು ಮನರಂಜನೆಯಲ್ಲೂ ಉಳಿದವರಿಗೆ ಸಮನಾದ ಅವಕಾಶ ಕೊಡಬೇಕು. ನೀವು ಚಪ್ಪಲಿ ಕಾಯಲು ಕೂರಿಸಿದ್ದು ಕೆಟ್ಟ ಮನಸ್ಸಿನಿಂದಲ್ಲ, ಭಯದಿಂದ. ಬಹಳ ಶಾಲೆಗಳಲ್ಲಿ ಇದೇ ನಡೆಯುತ್ತದೆ. ಕೆಲವು ಕಡೆ ಚಪ್ಪಲಿಯ ಬದಲು ಸೀಟಿ ಕೊಟ್ಟು ‘ನೀನೇ ಅಂಪೈರ್’ ಅನ್ನುತ್ತಾರೆ, ಇಲ್ಲವೇ ಸ್ಕೋರ್ ಬರೆಯಲು ಸ್ಲೇಟು ಕೊಡುತ್ತಾರೆ. ಕೇಳಲು ಗೌರವದ ಕೆಲಸ. ಆದರೆ ವರ್ಷವಿಡೀ ಅಂಪೈರ್ ಆದ ಒಂಬತ್ತು ವರ್ಷದ ಮಗುವಿಗೆ ತಾನು ಆಡುವವಳಲ್ಲ ಎಂಬುದು ಚೆನ್ನಾಗಿ ಅರ್ಥವಾಗಿರುತ್ತದೆ.

ಇವತ್ತೋ ನಾಳೆಯೋ ಆ ಮನೆಗೆ ಹೋಗಿ ಬನ್ನಿ. ಸಮಜಾಯಿಷಿ ಕೊಡಲು ಹೋಗಬೇಡಿ, ಕೇಳಲು ಹೋಗಿ. ಮನೆಯಲ್ಲಿ ಅವಳು ಏನೇನು ಮಾಡುತ್ತಾಳೆ? ಹೊಲದ ತನಕ ನಡೆಯುತ್ತಾಳಾ? ಬೀದಿಯ ಮಕ್ಕಳ ಜೊತೆ ಯಾವ ಆಟ ಆಡುತ್ತಾಳೆ? ಎಷ್ಟು ಹೊತ್ತಿಗೆ ಕಾಲು ನೋಯುತ್ತದೆ? ಬಿದ್ದರೆ ತಾನೇ ಏಳುತ್ತಾಳಾ? ಇದನ್ನು ತಾಯಿಗಿಂತ ಮೊದಲು ಮಗಳನ್ನೇ ಕೇಳಿ. ತನ್ನ ಕಾಲಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದು ಅವಳಿಗೆ ನಿಮಗಿಂತಲೂ ನನಗಿಂತಲೂ ಚೆನ್ನಾಗಿ ಗೊತ್ತು. ಜೊತೆಗೆ ವೈದ್ಯರ ಮಾತೂ ಒಂದಿರಲಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನೋಡುವ ತೊಂದರೆಗಳಲ್ಲಿ ಸೊಟ್ಟಪಾದವೂ ಒಂದು. ಅವರಿಂದ ಚೀಟಿ ಪಡೆದು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಮೂಳೆ ವೈದ್ಯರಿಗೆ ತೋರಿಸಲು ಹೇಳಿ. ಆದರೆ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ‘ಇವಳನ್ನು ಆಡಿಸಬಹುದಾ’ ಅಂತಲ್ಲ. ಹಾಗೆ ಕೇಳಿದರೆ ಯಾರೂ ಜವಾಬ್ದಾರಿ ಹೊರಲಾರದೆ ‘ಬೇಡ’ ಅನ್ನುತ್ತಾರೆ. ‘ಇವಳು ಯಾವ ಯಾವ ಆಟ ಆಡಬಹುದು, ಯಾವುದರಲ್ಲಿ ಜೋಪಾನ ಬೇಕು’ ಎಂದು ಕೇಳಿ. ನಿಮ್ಮ ಬ್ಲಾಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ನೀವೆಲ್ಲ ಬಿ.ಐ.ಇ.ಆರ್.ಟಿ. ಎನ್ನುತ್ತೀರಲ್ಲ, ಅವರು ಬಂದಾಗ ಫಾರಂ ತುಂಬಿಸಿ ಕಳಿಸಿಬಿಡಬೇಡಿ. ಬಯಲಿಗೆ ಕರೆದುಕೊಂಡು ಹೋಗಿ ಒಂದು ಪೀರಿಯಡ್ ಜೊತೆಗೆ ನಿಲ್ಲಿಸಿಕೊಳ್ಳಿ.

ಇನ್ನು ನಿಮ್ಮ ಸಂಗತಿ. ತರಬೇತಿಯಿಲ್ಲ, ಪಿ.ಟಿ. ಮೇಷ್ಟ್ರಿಲ್ಲ ಎಂಬ ಅಳುಕು ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕೆಂದು ಹೇಳುವುದು ಆರರಿಂದ ಎಂಟನೇ ತರಗತಿಗೆ, ಅದೂ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ. ಒಂದರಿಂದ ಐದರವರೆಗಿನ ಪುಟ್ಟ ಶಾಲೆಗಳಲ್ಲಿ ತರಗತಿಯ ಶಿಕ್ಷಕರೇ ಆಟದ ಶಿಕ್ಷಕರು. ಕಾನೂನು ಮಾಡಿದವರಿಗೆ ಓಡುವುದು, ಜಿಗಿಯುವುದು, ಎಸೆಯುವುದು ಕೈಕಾಲಿಗೆ ಕೂಡಿಬರುವ ವಯಸ್ಸೇ ಅದು ಎಂಬುದು ನೆನಪಾಗಲಿಲ್ಲವೇನೋ. ಇರಲಿ. ಆಟಕ್ಕೆ ಇಳಿಯದೆ ಮೂಲೆ ಸೇರಿದವಳು ನೀವು ಎಂದಿರಿ. ಬೇವಿನ ಮರದ ಕೆಳಗೆ ಕೂತವರ ಮನಸ್ಸು ಓಟದಲ್ಲಿ ಸದಾ ಮೊದಲು ಬಂದವರಿಗಿಂತ ನಿಮಗೆ ಬೇಗ ತಿಳಿಯುತ್ತದೆ.

ನಿಮ್ಮ ಕೈಯಲ್ಲಿ ಇನ್ನೊಂದು ಸಲಕರಣೆ ಆಗಲೇ ಇದೆ. ಒಂದರಿಂದ ಮೂರನೇ ತರಗತಿಗೆ ನೀವು ನಲಿಕಲಿ ಮಾಡಿಸಿರುತ್ತೀರಿ. 1995ರಲ್ಲಿ, ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯಲ್ಲೇ ಇದ್ದಾಗ, ಅದೇ ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಕಲಿಕಾ ಏಣಿಯಲ್ಲಿ ಒಂದು ಮಗು ಮೇಲಿನ ಮೆಟ್ಟಿಲಲ್ಲಿರುತ್ತದೆ, ಪಕ್ಕದಲ್ಲೇ ಕೂತದ್ದು ನಾಲ್ಕು ಮೆಟ್ಟಿಲು ಕೆಳಗಿರುತ್ತದೆ, ಯಾರೂ ‘ನೀನು ಬೇಡ’ ಅನ್ನುವುದಿಲ್ಲ. ಓದು ಬರಹದಲ್ಲಿ ಇಷ್ಟನ್ನು ಒಪ್ಪಿಕೊಂಡ ನಾವು ಬಯಲಿಗೆ ಇಳಿದ ಕೂಡಲೇ ಎಲ್ಲ ಮಕ್ಕಳನ್ನೂ ಒಂದೇ ಮೆಟ್ಟಿಲ ಮೇಲೆ ನಿಲ್ಲಿಸುತ್ತೇವೆ. ನಿಲ್ಲಲಾರದವರನ್ನು ಮರದಡಿಗೆ ಕಳಿಸುತ್ತೇವೆ. ನಿಮ್ಮ ಸಮಸ್ಯೆಯ ಬೇರು ಇಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮಗುವನ್ನು ಆಟಕ್ಕೆ ಹೊಂದಿಸಲು ಹೋಗಬೇಡಿ, ಆಟವನ್ನು ಮಗುವಿಗೆ ಹೊಂದಿಸಿ.

ಹೇಗೆಂದು ನೋಡೋಣ. ಮೊದಲನೆಯದು ಸರದಿ. ಒಂದು ದಿನ ಏನನ್ನೂ ಬದಲಿಸದೆ ಮರದಡಿಯ ಒಂದು ಮಗುವನ್ನು ಮಾತ್ರ ಗಮನಿಸಿ. ಪೀರಿಯಡ್ಡಿನ 40 ನಿಮಿಷದಲ್ಲಿ ಅದರ ಕೈಕಾಲು ಆಡಿದ್ದು ಎಷ್ಟು ಹೊತ್ತು? 24 ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಒಬ್ಬೊಬ್ಬರಾಗಿ ಚೆಂಡು ಎಸೆಸಿದರೆ, ಒಂದು ಸರದಿಗೆ ಅರ್ಧ ನಿಮಿಷ ಎಂದರೂ ಮತ್ತೆ ಸರದಿ ಬರಲು 12 ನಿಮಿಷ ಬೇಕು. ಇಡೀ ಪೀರಿಯಡ್ಡಿಗೆ ಮೂರು ಸಲ, ಅಂದರೆ ಒಂದೂವರೆ ನಿಮಿಷದ ಆಟ, ಮೂವತ್ತೆಂಟೂವರೆ ನಿಮಿಷದ ನಿಲ್ಲಾಟ. ಅದೇ 24 ಮಕ್ಕಳನ್ನು ಮೂರು ಮೂರು ಜನರ ಎಂಟು ಗುಂಪು ಮಾಡಿ, ಗುಂಪಿಗೊಂದು ಚೆಂಡು ಕೊಡಿ. ಒಂದೂವರೆ ನಿಮಿಷಕ್ಕೊಮ್ಮೆ ಸರದಿ ಬರುತ್ತದೆ, 26 ಸಲ ಎಸೆಯಬಹುದು. ಇನ್ನೂ ಒಂದು ಲಾಭವಿದೆ. ಉದ್ದ ಸಾಲಿನಲ್ಲಿ ಒಬ್ಬಳು ಗುರಿ ತಪ್ಪಿದರೆ 23 ಜನ ನೋಡಿ ನಗುತ್ತಾರೆ. ಮೂರು ಜನರ ಗುಂಪಿನಲ್ಲಿ ನಗಲು ಯಾರಿಗೂ ಪುರುಸೊತ್ತಿಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ವಿಕಲಚೇತನ ಮಕ್ಕಳಿಗೂ ಅದೇ ಅಳತೆ, ರಿಯಾಯಿತಿ ಇಲ್ಲ.

ಚೆಂಡಿಗೆ ದುಡ್ಡೆಲ್ಲಿ ಎನ್ನಬೇಡಿ. ಸಮಗ್ರ ಶಿಕ್ಷಣದಲ್ಲಿ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿ ಕ್ರೀಡಾ ಅನುದಾನವಿದೆ. ಅದು ಬಂದಾಗ ಒಂದು ಕ್ರಿಕೆಟ್ ಕಿಟ್ ತಂದು ಬೀರುವಿನಲ್ಲಿ ಇಡುವ ಬದಲು ಮೆತ್ತನೆಯ ಚೆಂಡುಗಳನ್ನೂ ಹಗ್ಗವನ್ನೂ ತನ್ನಿ. ಬರುವ ತನಕ ಕೈ ಕಟ್ಟಿ ಕೂರುವುದೂ ಬೇಡ. ಹಳೇ ಬಟ್ಟೆ ಉಂಡೆ ಮಾಡಿ ಮೇಲೆ ದಾರ ಬಿಗಿದರೆ ಚೆಂಡು, ಮುಖಕ್ಕೆ ಬಡಿದರೂ ನೋವಾಗದು. ಸೈಕಲ್ ಅಂಗಡಿಯ ಹಳೇ ಟೈರು ನೆಲದ ಮೇಲೆ ಹಾಕಿದರೆ ಗುರಿ, ಉರುಳಿಸಿದರೆ ಬಂಡಿ. ರಂಗೋಲಿಪುಡಿಯ ಗೆರೆ ಎಲ್ಲಿ ಬೇಕಾದರೂ ಬೀಳುತ್ತದೆ. ಕಣ್ಣು ಮಂಜಾದ ಮಗುವಿದ್ದರೆ ಬಟ್ಟೆ ಚೆಂಡಿನೊಳಗೆ ಒಂದೆರಡು ಗೆಜ್ಜೆ ಸೇರಿಸಿ. ಅಂಧರ ಕ್ರಿಕೆಟ್ಟಿನ ಚೆಂಡು ಹೀಗೇ ಸದ್ದು ಮಾಡುತ್ತದೆ. ಶಿವಮೊಗ್ಗದ ಶೇಖರ್ ನಾಯ್ಕ್ ನಾಯಕರಾಗಿದ್ದ ಭಾರತ ತಂಡ 2012ರಲ್ಲಿ ಬೆಂಗಳೂರಿನಲ್ಲಿ ಟಿ–20 ವಿಶ್ವಕಪ್ ಗೆದ್ದದ್ದು ಆ ಸದ್ದಿನ ಜಾಡು ಹಿಡಿದೇ.

ಎರಡನೆಯದು ‘ಔಟ್’. ನಮ್ಮ ಶಾಲೆಗಳ ಪ್ರೀತಿಯ ಆಟಗಳನ್ನು ನೆನೆಯಿರಿ: ಮ್ಯೂಸಿಕಲ್ ಚೇರ್, ಕೆರೆ–ದಡ, ಚೆಂಡಿನಿಂದ ಹೊಡೆದು ಔಟ್ ಮಾಡುವುದು. ನಿಧಾನದ ಮಗು ಮೊದಲ ಸುತ್ತಿನಲ್ಲೇ ಔಟ್. ಆಮೇಲೆ ಕೊನೆಯ ತನಕ ಬದಿಯಲ್ಲಿ ಚಪ್ಪಾಳೆ. ಯಾರಿಗೆ ಹೆಚ್ಚು ಆಡಿ ರೂಢಿಯಾಗಬೇಕೋ ಅವರೇ ಎಲ್ಲರಿಗಿಂತ ಕಡಿಮೆ ಆಡುತ್ತಾರೆ. ಚುರುಕಾದವನಿಗೆ ಇನ್ನಷ್ಟು ಆಟ. 1992ರಲ್ಲಿ ಅಮೆರಿಕದ ನೀಲ್ ವಿಲಿಯಮ್ಸ್ ಎಂಬ ದೈಹಿಕ ಶಿಕ್ಷಣದ ಪ್ರಾಧ್ಯಾಪಕರು ಶಾಲೆಯಲ್ಲಿ ಆಡಿಸಬಾರದ ಆಟಗಳ ಒಂದು ಪಟ್ಟಿಯನ್ನೇ ಪ್ರಕಟಿಸಿ ಸಾಕಷ್ಟು ಗದ್ದಲ ಎಬ್ಬಿಸಿದರು. ಮ್ಯೂಸಿಕಲ್ ಚೇರ್ ಅದರಲ್ಲಿತ್ತು. ನಮ್ಮ ‘ಟೋಪಿ ಬೇಕಾ ಟೋಪಿ’, ಕರ್ಚೀಫ್ ಎತ್ತಿಕೊಂಡು ಓಡುವ ಆಟ, ಇವುಗಳ ಅಲ್ಲಿನ ಅಣ್ಣತಮ್ಮಂದಿರೂ ಇದ್ದವು. ಅವುಗಳ ತಪ್ಪೆಂದರೆ ಇಬ್ಬರು ಓಡುವಾಗ ಉಳಿದವರು ಸುಮ್ಮನೆ ಕೂರಬೇಕು, ಎಡವಿದವರು ಎಲ್ಲರ ಕಣ್ಣಿಗೆ ಬೀಳಬೇಕು. ನಾನು ಅವರಷ್ಟು ಕಠಿಣಳಲ್ಲ. ಟೋಪಿ ಆಟವನ್ನು ಬಿಟ್ಟು ನಮ್ಮ ಬಾಲ್ಯವಿಲ್ಲ. ಆಟ ಬಿಡುವುದು ಬೇಡ, ಔಟ್ ಬಿಡೋಣ.

ಕೆರೆ–ದಡಕ್ಕೆ ಒಂದರ ಬದಲು ಎರಡು ವೃತ್ತ ಬರೆಯಿರಿ. ಇಲ್ಲಿ ತಪ್ಪಿದವರು ಅಲ್ಲಿಗೆ ಹೋಗಿ ಆಡಬೇಕು, ಅಲ್ಲಿ ತಪ್ಪಿದವರು ಇಲ್ಲಿಗೆ. ಮಕ್ಕಳು ಅಲ್ಲಿಂದಿಲ್ಲಿಗೆ ಓಡಾಡುತ್ತಾರೆ, ಯಾರು ಎಷ್ಟು ಸಲ ತಪ್ಪಿದರೆಂದು ಯಾರೂ ಲೆಕ್ಕ ಇಡುವುದಿಲ್ಲ. ಟೋಪಿ ಆಟಕ್ಕೆ ಆರಾರು ಜನರ ನಾಲ್ಕು ಪುಟ್ಟ ವೃತ್ತ ಸಾಕು. ಮ್ಯೂಸಿಕಲ್ ಚೇರಿನಲ್ಲಿ ಕುರ್ಚಿಯ ಬದಲು ಟೈರು ಹಾಕಿ, ಟೈರು ಮಾತ್ರ ಕಡಿಮೆಯಾಗಲಿ, ಮಕ್ಕಳು ಬೇಡ. ಕೊನೆಗೆ ಉಳಿದ ಎರಡು ಟೈರಿನೊಳಗೆ ಎಲ್ಲರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಲ್ಲಬೇಕು ಎನ್ನಿ, ಅಲ್ಲಿ ನಗು ನೋಡಿ. ಲಗೋರಿಯಲ್ಲಿ ಚೆಂಡು ತಗುಲಿದವರು ಸತ್ತವರಲ್ಲ, ಬೇವಿನ ಮರ ಮುಟ್ಟಿ ಬಂದರೆ ಮತ್ತೆ ಆಟಕ್ಕೆ. ಹೀಗಾದರೆ ಆ ಮರದಡಿ ಎಲ್ಲರೂ ಹೋಗಿ ಬರುತ್ತಾರೆ, ಯಾರೂ ಅಲ್ಲೇ ಉಳಿಯುವುದಿಲ್ಲ.

ಮೂರನೆಯದು, ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚುಚ್ಚಿದ್ದು, ‘ಅವ್ನು ಬ್ಯಾಡ ಕನ್ಲಾ’. ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಕರೆದುಕೊಳ್ಳಿ ಎನ್ನುವುದನ್ನು ಈವತ್ತಿನಿಂದಲೇ ನಿಲ್ಲಿಸಿ. ಕೊನೆಗೆ ಉಳಿಯುವ ಮಗು ಪ್ರತಿ ವಾರ ಅದೇ. ಹಿಂದೆ ನಮ್ಮ ಊರುಗಳಲ್ಲಿ ಚಿನ್ನಿದಾಂಡು, ಕಬಡ್ಡಿಗೆ ತಂಡ ಕಟ್ಟುತ್ತಿದ್ದ ಬಗೆ ಇದಕ್ಕಿಂತ ಜಾಣತನದ್ದು. ಹೆಚ್ಚುಕಡಿಮೆ ಸಮಬಲದ ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಬರುತ್ತಿದ್ದರು. ‘ಮಲ್ಲಿಗೆ ಬೇಕೋ ಸಂಪಿಗೆ ಬೇಕೋ?’ ನಾಯಕ ‘ಸಂಪಿಗೆ’ ಎಂದರೆ ಸಂಪಿಗೆಯಾದವನು ಈ ಕಡೆ, ಮಲ್ಲಿಗೆ ಆ ಕಡೆ. ನಾಯಕನಿಗೆ ಹೂವು ಗೊತ್ತು, ಹುಡುಗ ಗೊತ್ತಿಲ್ಲ. ತಂಡಗಳೂ ಸಮ ಆಗುತ್ತವೆ, ಯಾರ ಮುಖಕ್ಕೂ ಹೊಡೆದಂತೆ ಆಗುವುದಿಲ್ಲ. ಜೋಡಿ ಸಿಗದೆ ಯಾರಾದರೂ ಉಳಿಯಬಹುದು ಎನಿಸಿದರೆ ಜೋಡಿಗಳನ್ನು ನೀವೇ ಮೊದಲೇ ಯೋಚಿಸಿಟ್ಟು ಹೇಳಿಬಿಡಿ. ಬಯಲಿನಲ್ಲಿ ಅಡ್ಡಹೆಸರಿಗೆ ಜಾಗವಿಲ್ಲ ಎಂಬುದನ್ನೂ ಅಂದೇ ಹೇಳಿ. ‘ಡುಮ್ಮ’, ‘ಕುಂಟಿ’ ಎಂಬುದು ಶಿಕ್ಷಕರ ಬಾಯಿಂದಲೂ ಸಲುಗೆಯ ಹೆಸರಿನಲ್ಲಿ ಬರುವುದುಂಟು.

ಈಗ ಒಂದು ಹಗ್ಗದ ಮಾತು. ಎತ್ತರ ಜಿಗಿತಕ್ಕೆ ನಾವು ಹಗ್ಗವನ್ನು ಇಬ್ಬರ ಕೈಗೆ ಕೊಟ್ಟು ನೇರ ಹಿಡಿಸುತ್ತೇವೆ. ಎಲ್ಲರೂ ಹಾರಿದ ಮೇಲೆ ಒಂದು ಗೇಣು ಮೇಲಕ್ಕೆ. ಹಾರಲಾಗದವರು ಹೊರಗೆ. ಮತ್ತೊಂದು ಗೇಣು ಮೇಲಕ್ಕೆ. ಕೊನೆಗೆ ಒಬ್ಬ ಉಳಿಯುತ್ತಾನೆ, 23 ಜನ ನೋಡುತ್ತಿರುತ್ತಾರೆ. ಮಸ್ಕಾ ಮೋಸ್ಟನ್ ಎಂಬ ದೈಹಿಕ ಶಿಕ್ಷಣ ತಜ್ಞರು 1966ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಪುಟ್ಟ ತಿದ್ದುಪಡಿ ಸೂಚಿಸಿದರು: ಹಗ್ಗವನ್ನು ಓರೆಯಾಗಿ ಹಿಡಿಯಿರಿ. ಒಂದು ತುದಿ ನೆಲಕ್ಕೆ ತಾಗಿರಲಿ, ಇನ್ನೊಂದು ತುದಿ ಎದೆಮಟ್ಟಕ್ಕಿರಲಿ. ‘ಎಲ್ಲಿ ಬೇಕೋ ಅಲ್ಲಿ ಹಾರಿ’ ಎನ್ನಿ, ಅಷ್ಟೆ. ಬೇರೆ ಸೂಚನೆ ಬೇಡ.

ಮಕ್ಕಳು ಮೊದಲು ನಿಮ್ಮ ಮುಖ ನೋಡುತ್ತಾರೆ. ಚುರುಕಾದ ಹುಡುಗ ಸೀದಾ ಎತ್ತರದ ತುದಿಗೆ ಓಡುತ್ತಾನೆ, ಹಗ್ಗ ಕಾಲಿಗೆ ಸಿಕ್ಕಿ ಬೀಳುತ್ತಾನೆ, ಮೈ ಕೊಡವಿಕೊಂಡು ಎರಡು ಹೆಜ್ಜೆ ಈಚೆಗೆ ಬಂದು ಹಾರುತ್ತಾನೆ. ನಿಮ್ಮ ದಪ್ಪ ಹುಡುಗ ನೆಲಕ್ಕೆ ಹತ್ತಿರದ ಕಡೆ ದಾಟಿ, ತಿರುಗಿ ನೋಡಿ, ಮುಂದಿನ ಸಲ ಒಂದು ಅಡಿ ಮೇಲಕ್ಕೆ ಸರಿಯುತ್ತಾನೆ. ಪಾದ ತಿರುಗಿದ ಹುಡುಗಿ ಹಗ್ಗ ನೆಲ ಮುಟ್ಟುವಲ್ಲಿ ದಾಟುತ್ತಾಳೆ. ದಾಟಲಿ. ಯಾರೂ ಔಟ್ ಆಗಿಲ್ಲ, ಯಾರಿಗೂ ಯಾರೂ ರಿಯಾಯಿತಿ ಕೊಟ್ಟಿಲ್ಲ, ಎಲ್ಲರ ಹಗ್ಗವೂ ಒಂದೇ. ಎಲ್ಲಿ ಹಾರಬೇಕೆಂದು ತೀರ್ಮಾನಿಸಿದವರು ಅವರವರೇ. ನಲಿಕಲಿಯ ಏಣಿಯೇ ಇದು, ಬಯಲಿಗೆ ಬಂದಿದೆ.

ಇದೇ ಉಪಾಯವನ್ನು ಮಿಕ್ಕ ಆಟಕ್ಕೂ ತನ್ನಿ. ಲಗೋರಿಗೆ ಒಂದು ಗೆರೆಯ ಬದಲು ಮೂರು ಗೆರೆ, ಹತ್ತಿರದಿಂದಲೋ ದೂರದಿಂದಲೋ ಎಸೆಯುವವರ ಇಷ್ಟ. ದೂರ ಎಸೆತದಲ್ಲಿ ಪ್ರತಿ ಮಗುವೂ ತನ್ನ ಚೆಂಡು ಬಿದ್ದಲ್ಲಿ ಒಂದು ಕಲ್ಲಿಡಲಿ, ಮುಂದಿನ ಸಲ ಮೀರಬೇಕಾದದ್ದು ಆ ಕಲ್ಲನ್ನು, ಪಕ್ಕದವನನ್ನಲ್ಲ.

ನಿಮ್ಮ ನಾಲ್ಕನೇ ತರಗತಿಯ ಹುಡುಗಿಗೆ ಕುಂಟೆಬಿಲ್ಲೆಯಿಂದ ಶುರುಮಾಡಿ ಎಂಬುದು ನನ್ನ ಸಲಹೆ. ಆ ಆಟದಲ್ಲಿ ಎಲ್ಲರೂ ಒಂದು ಕಾಲನ್ನು ಮೇಲೆತ್ತಿಕೊಂಡೇ ಆಡುತ್ತಾರೆ. ಅವಳ ಬಲಗಾಲು ಗಟ್ಟಿಯಾಗಿದ್ದರೆ ಮನೆಯಿಂದ ಮನೆಗೆ ಅವಳೂ ಕುಪ್ಪಳಿಸಬಹುದು. ತೋಲ ತಪ್ಪುವುದಾದರೆ ಎರಡು ಮನೆಗೊಮ್ಮೆ ಕಾಲೂರಲು ಬಿಡಿ, ಅದೇ ಸವಲತ್ತು ಎಲ್ಲರಿಗೂ ಇರಲಿ. ಖೋ ಖೋದಲ್ಲಿ ಅವಳು ಬೆನ್ನಟ್ಟುವಾಗ ಓಟಗಾರರು ಅರ್ಧ ಅಂಗಳದಲ್ಲೇ ಓಡಬೇಕೆಂದು ನಿಯಮ ಮಾಡಿ. ಅವಳು ಬೇರೆಯವರಿಗೆ ಖೋ ಕೊಟ್ಟ ಕೂಡಲೇ ಅಂಗಳ ಮತ್ತೆ ಪೂರ್ತಿ. ಬೇವಿನ ಮರಕ್ಕೂ ಎದುರಿಗೆ ನೆಟ್ಟ ಒಂದು ಕಂಬಕ್ಕೂ ನಡುವೆ, ಕೂತವರ ತಲೆಗಿಂತ ಒಂದು ಗೇಣು ಮೇಲೆ ಹಗ್ಗ ಕಟ್ಟಿ, ಎಲ್ಲರನ್ನೂ ನೆಲದ ಮೇಲೆ ಕೂರಿಸಿ ಥ್ರೋಬಾಲ್ ಆಡಿಸಿ. ಎಲ್ಲರನ್ನೂ ಎಂಬುದು ಮುಖ್ಯ. ಅವಳೊಬ್ಬಳನ್ನೇ ಕೂರಿಸಿದರೆ ಮತ್ತೆ ಅದೇ ಕತೆ. ಕೂತು ಆಡುವ ವಾಲಿಬಾಲ್ 1980ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಓಟದಲ್ಲಿ ಹುಲಿಯಾದ ಹುಡುಗರು ಕೂತಲ್ಲಿಂದ ಚೆಂಡು ಎತ್ತಲಾರದೆ ಒದ್ದಾಡುವುದನ್ನು ನೋಡಿ. ಶನಿವಾರದ ಕವಾಯತಿನಲ್ಲೂ ಒಂದು ಸುತ್ತು ಕೂತು ಮಾಡುವ ವ್ಯಾಯಾಮ ಇಟ್ಟುಕೊಳ್ಳಿ.

ಬಿದ್ದರೆ? ಬೀಳುತ್ತಾಳೆ. ಎರಡೂ ಕಾಲು ನೆಟ್ಟಗಿರುವವರು ದಿನಕ್ಕೆ ಹತ್ತು ಸಲ ಬೀಳುತ್ತಾರೆ. ಬಯಲಿನ ಕಲ್ಲು, ಗಾಜಿನ ಚೂರು ಆಯಿಸಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಹೊರಗಿಡಿ, ತಾಯಿಗೆ ಮೊದಲೇ ಹೇಳಿರಿ.

ಮುಖ ಮುಚ್ಚಿಕೊಳ್ಳುವ ಹುಡುಗಿಯ ಕಣ್ಣು ಪರೀಕ್ಷೆ ಮಾಡಿಸಿದ್ದೀರಾ? ಚೆಂಡಿಗೆ ಹೆದರುತ್ತಾರೆ ಎನಿಸುವ ಎಷ್ಟೋ ಮಕ್ಕಳಿಗೆ ಚೆಂಡು ಮೂಗಿನ ಹತ್ತಿರ ಬರುವ ತನಕ ಕಾಣುವುದೇ ಇಲ್ಲ. ಕಣ್ಣು ಸರಿಯಿದ್ದರೆ ಬಲೂನು, ಆಮೇಲೆ ಬಟ್ಟೆ ಚೆಂಡು, ನೆಲದ ಮೇಲೆ ಉರುಳಿಸಿ, ಆಮೇಲೆ ಪುಟಿಸಿ. ದಪ್ಪ ಹುಡುಗನನ್ನು ಹಗ್ಗಜಗ್ಗಾಟದ ದಿನ ಮಾತ್ರ ‘ಬಾರೋ’ ಎಂದು ಕರೆಯಬೇಡಿ, ಅದೂ ಒಂದು ಅವಮಾನವೇ. ಕಿವಿ ಕೇಳದ ಮಗುವಿದ್ದರೆ ಸೀಟಿಯ ಜೊತೆ ಒಂದು ಕೆಂಪು ಟವೆಲ್ ಎತ್ತಿ. ನಿಧಾನಕ್ಕೆ ಗ್ರಹಿಸುವ ಮಗುವಿಗೆ ಹೇಳುವುದಕ್ಕಿಂತ ಆಡಿ ತೋರಿಸಿ, ಒಂದು ಸಲಕ್ಕೆ ಒಂದೇ ನಿಯಮ.

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಶಿಕ್ಷಕರೆಲ್ಲ ತಿಳಿದಿರಬೇಕಾದ ಇನ್ನೊಂದು ವಿಷಯ ಕುಡಗೋಲು ಕಣ ರಕ್ತಹೀನತೆ, ಸಿಕಲ್ ಸೆಲ್. ಸೋಲಿಗ, ಜೇನುಕುರುಬ ಮುಂತಾದ ಸಮುದಾಯಗಳ ಮಕ್ಕಳಲ್ಲಿ ಇದು ಕಾಣಿಸುತ್ತದೆ. ಅಂಥ ಮಗು ಬೇಗ ಸುಸ್ತಾದರೆ, ಕೈಕಾಲು ನೋವೆಂದರೆ ಸೋಮಾರಿತನ ಅಂದುಕೊಳ್ಳಬೇಡಿ. ನೀರು ಕುಡಿಯಲು ಕೇಳದೆಯೇ ಹೋಗಲಿ, ಕೂರಬೇಕೆನಿಸಿದಾಗ ಕೂರಲಿ, ಉರಿಬಿಸಿಲಲ್ಲಿ ಓಡಿಸುವುದು ಬೇಡ. ಎಷ್ಟು ಆಡಬಹುದೆಂದು ವೈದ್ಯರನ್ನು ಕೇಳಿ, ಅಷ್ಟು ಖಂಡಿತ ಆಡಲಿ. 2023ರ ಜುಲೈನಿಂದ ಇದರ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ನಡೆಯುತ್ತಿದೆ, ರಕ್ತಪರೀಕ್ಷೆ ಸರ್ಕಾರದ ಕಡೆಯಿಂದಲೇ ಆಗುತ್ತದೆ.

ನೀವು ಬರೆಯದಿದ್ದರೂ ಎರಡು ಮಾತು ಹೇಳಿಬಿಡುತ್ತೇನೆ. ಮರದಡಿಯವರಲ್ಲಿ ಹುಡುಗಿಯರೇ ಹೆಚ್ಚಲ್ಲವೇ? ಲಂಗ ಹಾರೀತೆಂಬ ನಾಚಿಕೆಯಿಂದ ಜಿಗಿಯದವರು ಅದರಲ್ಲಿ ಎಷ್ಟೋ ಜನ. ಆಟವಿರುವ ದಿನ ಒಳಗೆ ಉದ್ದ ಚಡ್ಡಿ ಹಾಕಿ ಕಳಿಸಲು ತಾಯಂದಿರಿಗೆ ಹೇಳಿ, ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಮತ್ತೆ, ಮನೆಗೆಲಸ ಮಾಡಿಲ್ಲವೆಂದು ಆಟ ತಪ್ಪಿಸುವುದು, ಗಲಾಟೆ ಮಾಡಿದರೆಂದು ಬಯಲು ಸುತ್ತು ಓಡಿಸುವುದು, ಮಗ್ಗಿ ಬಂದಿಲ್ಲವೆಂದು ಆಟದ ಪೀರಿಯಡ್ ನುಂಗುವುದು ಎಲ್ಲ ಶಾಲೆಯಲ್ಲೂ ನಡೆಯುತ್ತದೆ. ಓಟವನ್ನು ಶಿಕ್ಷೆಯಾಗಿ ಕಲಿತ ಮಗು ದೊಡ್ಡದಾದ ಮೇಲೆ ಯಾಕೆ ಓಡುತ್ತದೆ ಹೇಳಿ.

ಮುಖ್ಯ ಶಿಕ್ಷಕರ ಕಪ್ಪಿನ ಆಸೆ ತಪ್ಪಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ನಮ್ಮ ಸೀಮೆಯ ಹಳ್ಳಿಯ ಹೆಣ್ಣುಮಗಳು. ಅಂಥವರಿಗೆ ಅಭ್ಯಾಸ ಬೇಕೇ ಬೇಕು, ಆದರೆ ಅದಕ್ಕೆ ಎಲ್ಲ ಮಕ್ಕಳ ಪೀರಿಯಡ್ ಅನ್ನು ಬಲಿಕೊಡಬಾರದು. ಕ್ರೀಡಾಕೂಟಕ್ಕೆ ಹೋಗುವವರ ತಾಲೀಮು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅಥವಾ ಸಂಜೆ ಬೆಲ್ ಹೊಡೆದ ಮೇಲೆ ಇರಲಿ. ಊರಿನಲ್ಲಿ ಹಿಂದೆ ಕಬಡ್ಡಿ ಆಡಿದ ಯಾರಾದರೂ ಯುವಕರು ಇದ್ದೇ ಇರುತ್ತಾರೆ, ಎಸ್.ಡಿ.ಎಂ.ಸಿ. ಸಭೆಯಲ್ಲಿ ಕೇಳಿ, ನಿಮ್ಮ ಹೊರೆಯೂ ಇಳಿಯುತ್ತದೆ. ಹೇಗೂ 24 ಮಕ್ಕಳೂ ಚೆಂಡು ಮುಟ್ಟುವ ಶಾಲೆಯಲ್ಲಿ ಆರಿಸಿಕೊಳ್ಳಲು 24 ಮಕ್ಕಳಿರುತ್ತಾರೆ, ಹನ್ನೆರಡು ಜನ ಮಾತ್ರ ಆಡುವಲ್ಲಿ ಹನ್ನೆರಡೇ. ಈ ಲೆಕ್ಕ ಅವರಿಗೂ ಹಿಡಿಸೀತು.

ಆ ಹುಡುಗಿಗೆ ಮಾತ್ರ ಪದಕದ ಕತೆ ಹೇಳಲು ಅವಸರ ಬೇಡ. ಕಾಲಿನ ತೊಂದರೆಯೊಂದಿಗೇ ಹುಟ್ಟಿದ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದರು. ಹೆಮ್ಮೆಯ ಸಂಗತಿಯೇ. ಆದರೆ ಕೂಡಲೇ ‘ನೀನೂ ಹಾಗಾಗಬೇಕು’ ಎಂದರೆ ಚಪ್ಪಲಿಯ ಹೊರೆ ಇಳಿಸಿ ಪದಕದ ಹೊರೆ ಹೊರಿಸಿದಂತೆ. ಪಕ್ಕದ ಬೆಂಚಿನವಳು ಪದಕ ತರದೆಯೂ ಆಡುತ್ತಾಳಲ್ಲ, ಇವಳಿಗೂ ಅಷ್ಟೇ ಸಾಕು.

ಇಷ್ಟೆಲ್ಲ ಮಾಡುವಾಗ ಚುರುಕಾದ ಹುಡುಗರು ‘ಅವಳಿಗೊಂದು ರೂಲ್ಸು, ನಮಗೊಂದು ರೂಲ್ಸಾ ಮಿಸ್’ ಎಂದು ತಕರಾರು ತೆಗೆಯುತ್ತಾರೆ. ಗದರಬೇಡಿ. ನಿಯಮ ಮಾಡುವ ಕೆಲಸವನ್ನೇ ಅವರಿಗೆ ಕೊಡಿ: ‘ಎಲ್ಲರೂ ಆಡಬೇಕು, ಯಾರೂ ಕೂರಬಾರದು, ಮಜಾನೂ ಇರಬೇಕು. ಈ ಆಟವನ್ನು ಹೇಗೆ ಬದಲಾಯಿಸುತ್ತೀರಿ?’ ಮಕ್ಕಳು ಬೀದಿಯಲ್ಲಿ ಇದನ್ನು ಮಾಡಿಯೇ ಬಂದವರು. ಆಡಲು ಹಟ ಮಾಡುವ ಪುಟ್ಟ ತಮ್ಮನನ್ನು ಲೆಕ್ಕಕ್ಕಿಲ್ಲದ ಆಟಗಾರನಾಗಿ ಸೇರಿಸಿಕೊಂಡು, ಅವನು ಔಟಾದರೂ ಔಟಿಲ್ಲ ಎಂದು ಒಪ್ಪಂದ ಮಾಡಿಕೊಂಡವರು ಅವರೇ ತಾನೇ? ಇಲ್ಲಿ ನೀವು ಸೇರಿಸಬೇಕಾದದ್ದು ಒಂದೇ, ಅವಳು ಲೆಕ್ಕಕ್ಕಿರುವ ಆಟಗಾರ್ತಿ.

ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ಈ ಶನಿವಾರ ಓರೆ ಹಗ್ಗ, ಮುಂದಿನ ವಾರ ಎರಡು ವೃತ್ತದ ಕೆರೆ–ದಡ, ಅಷ್ಟು ಸಾಕು. ಚಪ್ಪಲಿಗಳನ್ನು ಜಗಲಿಯ ಮೇಲೆ ಸಾಲಾಗಿ ಬಿಡಿಸಿ, ಯಾರೂ ಕಾಯುವುದು ಬೇಡ. ಒಂದು ತಿಂಗಳಾದ ಮೇಲೆ ಮತ್ತೆ ಬರೆಯಿರಿ. ಹೆಸರು ಬೇಡದಿದ್ದರೆ ಬೇಡ, ನಿಮ್ಮ ಮಕ್ಕಳು ಯಾವ ಆಟಕ್ಕೆ ಯಾವ ಹೊಸ ನಿಯಮ ಮಾಡಿದರು ಎಂಬುದನ್ನು ತಪ್ಪದೆ ಬರೆಯಿರಿ. ಪಿ.ಟಿ. ಮೇಷ್ಟ್ರಿಲ್ಲದ ಬೇರೆ ಶಾಲೆಗಳ ಶಿಕ್ಷಕರಿಗೆ ಅದನ್ನು ಇದೇ ಅಂಕಣದಲ್ಲಿ ತಿಳಿಸುತ್ತೇನೆ.